ಸೈನೈಡ್ ದಿಬ್ಬದ ಮೇಲೆ ಸ್ಪಾರ್ಟಾ

ಸೈನೈಡ್ ದಿಬ್ಬದ ಮೇಲೆ ಕ್ಯಾಮೆರಾ ಇಟ್ಟವನಿಗೆಲ್ಲ ತಾನೊಬ್ಬ ದೊಡ್ಡ ನಿರ್ದೇಶಕ ಅನ್ನಿಸಿಬಿಡುತ್ತದೆ. ಅದು ಆ ಜಾಗದ ಗುಣ. ಮರ ಇಲ್ಲ, ಕರೆಂಟ್ ಕಂಬ ಇಲ್ಲ, ಬೋರ್ಡು ಇಲ್ಲ. ಬೂದಿ ಬಣ್ಣದ ಮಣ್ಣು, ಮಳೆನೀರು ಕೊರೆದ ಕೊರಕಲು, ಮೇಲೆ ಬರೀ ಆಕಾಶ. ಇದು ಯಾವ ದೇಶ, ಯಾವ ಕಾಲ ಎಂದು ಹೇಳುವ ಒಂದು ಗುರುತೂ ಫ್ರೇಮಿನೊಳಗೆ ಬರುವುದಿಲ್ಲ. ಚಿನ್ನದ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಎಳೆದುಕೊಂಡು, ಉಳಿದದ್ದನ್ನು ನೂರು ವರ್ಷ ಸುರಿದು ಸುರಿದು ಎದ್ದ ಗುಡ್ಡಗಳಿವು. ಕೆಜಿಎಫ್‌ನಲ್ಲಿ ಇಂಥ ದಿಬ್ಬಗಳಲ್ಲಿ ಬಿದ್ದಿರುವ ಮಣ್ಣು ಸುಮಾರು 3.3 ಕೋಟಿ ಟನ್ ಎಂಬ ಅಂದಾಜಿದೆ.

2018ರ ಡಿಸೆಂಬರಿನಲ್ಲಿ ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ಬಂದ ಮೇಲೆ ಈ ಊರಿನ ಹೆಸರು ದೇಶದ ಬಾಯಲ್ಲೆಲ್ಲ ಓಡಾಡಿತು. ಅದಕ್ಕೆ ಎಷ್ಟೋ ವರ್ಷ ಮೊದಲು ಇದೇ ದಿಬ್ಬದ ಮೇಲೆ ನಾನೊಂದು ಯುದ್ಧ ಮಾಡಿಸಿದ್ದೆ, ಗ್ರೀಕರಿಗೂ ಪರ್ಷಿಯನ್ನರಿಗೂ. ಅದರಲ್ಲಿ ನಿಜವಾಗಿ ಸೋತವನು ನಾನು. ಅದನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿಕೊಳ್ಳದವನು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಸ್ಲೋ ಮೋಷನ್, ಫಿಲ್ಟರು ಎಲ್ಲವನ್ನೂ ಫೋನಿನಲ್ಲೇ ಇಟ್ಟುಕೊಂಡ ಹುಡುಗರು ಭಾನುವಾರ ಬಂದರೆ ದಿಬ್ಬ ಹತ್ತುತ್ತಿದ್ದಾರೆ. ಅವರಲ್ಲಿ ಕೆಲವರು ಬಂಗಾರಪೇಟೆಯ ನನ್ನ ಸ್ಟುಡಿಯೊಗೆ ಬಂದು, “ಅಣ್ಣಾ, ಆ ಲುಕ್ ಹೆಂಗೆ ಬರುತ್ತೆ?” ಎಂದು ಕೇಳುತ್ತಾರೆ. ಅದೇ ಲುಕ್ಕಿಗಾಗಿ ಕೈ ಸುಟ್ಟುಕೊಂಡವನು ನಾನು.

ನನ್ನ ಕಸುಬು ಮದುವೆ ವಿಡಿಯೊ. ಧಾರೆ, ಆರತಕ್ಷತೆ, ನಾಮಕರಣ, ನಡುವೆ ಒಂದಷ್ಟು ರಾಜಕೀಯದವರ ಹುಟ್ಟುಹಬ್ಬ. 2007ರಲ್ಲಿ ಬೆಂಗಳೂರಿನ ಥಿಯೇಟರೊಂದರಲ್ಲಿ ‘300’ ನೋಡಿದೆ. ಜ್ಯಾಕ್ ಸ್ನೈಡರ್ ನಿರ್ದೇಶನ, ಫ್ರಾಂಕ್ ಮಿಲ್ಲರ್ ಮತ್ತು ಲಿನ್ ವಾರ್ಲಿಯವರ 1998ರ ಕಾಮಿಕ್ಸ್ ಅದರ ಮೂಲ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯಾದ ದೊರೆ ಝರ್ಕ್ಸೀಸ್ ಭಾರೀ ದಂಡು ಕಟ್ಟಿಕೊಂಡು ಗ್ರೀಸಿನ ಮೇಲೆ ಬಂದಾಗ, ಬೆಟ್ಟ ಮತ್ತು ಕಡಲಿನ ನಡುವಿನ ಥರ್ಮೋಪಿಲೆ ಎಂಬ ಇಕ್ಕಟ್ಟಿನಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸ್ ಮುನ್ನೂರು ಜನರೊಂದಿಗೆ ಅಡ್ಡ ನಿಂತ ಕಥೆ. ಕಥೆ ನನಗೆ ಮುಖ್ಯವಾಗಲಿಲ್ಲ. ಆ ಬಣ್ಣ! ಆಕಾಶ ತಾಮ್ರದ್ದು, ಮೈ ಕಂಚಿನದು, ಮೇಲುವಸ್ತ್ರ ರಕ್ತದ್ದು, ಮಿಕ್ಕಿದ್ದೆಲ್ಲ ಕಪ್ಪು. ಈಟಿ ಎಸೆಯುವಾಗ ಕಾಲ ನಿಂತಂತಾಗಿ, ಅದು ತಾಗುವ ಹೊತ್ತಿಗೆ ಸರ್ರನೆ ಓಡುತ್ತಿತ್ತು. ವಾಪಸ್ ಬರುವಾಗ ಮಾರಿಕುಪ್ಪಂ ಪ್ಯಾಸೆಂಜರಿನಲ್ಲಿ ನಿಂತೇ ಬಂದೆ. ಕಾಲು ನೋಯುತ್ತಿರುವುದು ಗೊತ್ತಾಗಲಿಲ್ಲ.

ಆಮೇಲೆ ಸಿಕ್ಕಸಿಕ್ಕಲ್ಲಿ ಓದಿ ತಿಳಿದುಕೊಂಡೆ. ಇಡೀ ಚಿತ್ರವನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿ, ಹೆಚ್ಚೂಕಡಿಮೆ ಪೂರ್ತಿಯಾಗಿ ಸ್ಟುಡಿಯೊದೊಳಗೆ, ನೀಲಿ ಪರದೆಯ ಮುಂದೆ 60 ದಿನದಲ್ಲಿ ತೆಗೆದಿದ್ದರು. ಹೊರಾಂಗಣದಲ್ಲಿ ತೆಗೆದದ್ದು ಕುದುರೆಗಳು ಓಡಿಬರುವ ಒಂದು ದೃಶ್ಯ ಮಾತ್ರ. ಲಿಯೊನಿಡಾಸ್ ಒಬ್ಬೊಬ್ಬರನ್ನೇ ಕೆಡವುತ್ತ ಮುಂದೆ ಹೋಗುವ ಉದ್ದದ ಶಾಟ್ ಇದೆಯಲ್ಲ, ಅದನ್ನು ದೂರದ, ನಡುವಿನ, ಹತ್ತಿರದ ಲೆನ್ಸ್ ಹಾಕಿದ ಬೇರೆ ಬೇರೆ ಕ್ಯಾಮೆರಾಗಳಲ್ಲಿ ಒಟ್ಟಿಗೇ, ಹೆಚ್ಚಿನ ವೇಗದಲ್ಲಿ ಚಿತ್ರೀಕರಿಸಿ ಎಡಿಟಿಂಗ್‌ನಲ್ಲಿ ಒಂದಕ್ಕೊಂದು ಹೆಣೆದಿದ್ದರು. ಬಣ್ಣದ ಗುಟ್ಟು ಇನ್ನೂ ಸರಳ: ನೆರಳಿನ ಭಾಗವನ್ನು ಪೂರ್ತಿ ಕಪ್ಪಿಗೆ ಇಳಿಸಿ, ಬೆಳಕಿನ ಭಾಗವನ್ನು ಎತ್ತಿ ಹಿಡಿಯುವುದು. ಖರ್ಚು ಸುಮಾರು 6.5 ಕೋಟಿ ಡಾಲರ್, ಗಳಿಕೆ 45 ಕೋಟಿ ಡಾಲರಿಗೂ ಮೇಲೆ.

ಅವರು ಗುಡ್ಡ, ಆಕಾಶ, ಇಕ್ಕಟ್ಟು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ನಮಗೆ ಅವೆಲ್ಲ ರಾಬರ್ಟ್‌ಸನ್‌ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇದ್ದವು. ಎರಡು ಕೊರಕಲುಗಳ ನಡುವಿನ ಸಂದಿಯೊಂದನ್ನು ನೋಡಿದ ದಿನವೇ ಅದು ಥರ್ಮೋಪಿಲೆ ಎಂದು ತೀರ್ಮಾನಿಸಿಬಿಟ್ಟೆ. ಚೀಟಿ ಎತ್ತಿದೆ. ಭಾವನ ಹತ್ತಿರ ಸಾಲ ತೆಗೆದೆ. ಇಪ್ಪತ್ತು ನಿಮಿಷದ ಸಿನಿಮಾ, ಬೆಂಗಳೂರಿನಲ್ಲಿ ನಾಲ್ಕು ಜನಕ್ಕೆ ತೋರಿಸಿದರೆ ನನ್ನ ದಾರಿಯೇ ಬೇರೆ ಎಂಬ ಲೆಕ್ಕ.

ಈಗ ಪಾತ್ರ ಹಂಚಿದ ವಿಷಯ. ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಹಿಂದೇಟು ಹಾಕುತ್ತದೆ.

ಲಿಯೊನಿಡಾಸ್ ಆಗಿ ಬೆಂಗಳೂರಿನ ಜಿಮ್ಮೊಂದರ ಹುಡುಗನನ್ನು ಕರೆತಂದೆ. ಒಳ್ಳೆಯ ಮೈಕಟ್ಟು, ಬಿಳಿ ಬಣ್ಣ. ಅವನ ಪಕ್ಕ ನಿಲ್ಲುವ ಸ್ಪಾರ್ಟಾದವರು ಬಂಗಾರಪೇಟೆ ಕಡೆಯ, ಸ್ವಲ್ಪ ಎತ್ತರ, ಸ್ವಲ್ಪ ಬೆಳ್ಳಗಿದ್ದ ಗೆಳೆಯರು. ಪರ್ಷಿಯನ್ನರಾಗಿ ಸಾಯಲು ಬಹಳ ಜನ ಬೇಕಿತ್ತು. ಅವರು ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ ಲೈನ್ ಮನೆಗಳ ಹುಡುಗರು. ಬಹುಪಾಲು ಗಣಿ ಕಾರ್ಮಿಕರ ಮಕ್ಕಳು, ಹಳೆಯ ಉತ್ತರ ಆರ್ಕಾಟ್ ಜಿಲ್ಲೆಯಿಂದ ಬಂದ ದಲಿತ ಕುಟುಂಬಗಳವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರಪ್ಪಂದಿರಿಗೆ ಕೆಲಸವಿಲ್ಲ. ಇವರು ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಸೆಕ್ಯುರಿಟಿ ಕೆಲಸಕ್ಕೆ ಹೋಗಿ ರಾತ್ರಿ ವಾಪಸಾಗುವವರು. ವಾರಕ್ಕೆ ಸಿಗುವ ಒಂದೇ ರಜೆಯನ್ನು ನನಗೆ ಕೊಟ್ಟರು. “ನೀವೆಲ್ಲ ಸ್ಪಾರ್ಟಾದವರ ಥರ ಕಾಣಲ್ಲ ಕಣ್ರೋ” ಎಂದು ನಕ್ಕುಬಿಟ್ಟೆ. ಅವರೂ ನಕ್ಕರು. ನಾನು ಕೊಟ್ಟ ಕೂಲಿ ಎಂದರೆ ಸಂಜೆ ಬಂಗಾರಪೇಟೆಯ ಪಾನಿಪುರಿ. ನೋಡಿದರೆ ಬರೀ ತಿಳಿನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು, ಅದೇ.

ಸಾಮಾನು ಜೋಡಿಸುವುದರಲ್ಲಿ ಅವರೇ ಮುಂದು. ಡಾಂಬರ್ ಡ್ರಮ್ಮಿನ ಮುಚ್ಚಳಕ್ಕೆ ಹಿಂದಿನಿಂದ ಬೆಲ್ಟು ಹೊಡೆದು ಗುರಾಣಿ ಮಾಡಿದರು. ಬಿದಿರಿನ ಗಳಕ್ಕೆ ಬೆಳ್ಳಿ ಪೇಂಟ್ ಬಳಿದರು. ಶಾಮಿಯಾನದ ಹಳೆಯ ಕೆಂಪು ಬಟ್ಟೆ ಸ್ಪಾರ್ಟಾದವರ ಮೇಲುವಸ್ತ್ರವಾಯಿತು. ಪರ್ಷಿಯನ್ನರಿಗೆ ನಾನು ಕಪ್ಪು ರೆಕ್ಸಿನ್‌ನ ಮುಖವಾಡ ಹೊಲಿಸಿದೆ. ‘300’ರಲ್ಲಿ ಝರ್ಕ್ಸೀಸನ ಕಾವಲು ಪಡೆಗೆ ಲೋಹದ ಮುಖವಾಡ ಇದೆಯಲ್ಲ, ಅದರ ನಕಲು. ಬಿಸಿಲಿಗೆ ರೆಕ್ಸಿನ್ ಕಾದು ಮುಖಕ್ಕೆ ಅಂಟುತ್ತಿತ್ತು. ತೆಗೆದಾಗ ಕೆನ್ನೆಯ ಮೇಲೆ ಹೊಲಿಗೆಯ ಅಚ್ಚು ಮೂಡಿರುತ್ತಿತ್ತು.

ಆ ಚಿತ್ರದಲ್ಲಿ ಸತ್ತ ಪರ್ಷಿಯನ್ನರನ್ನೇ ಪೇರಿಸಿ ಗೋಡೆ ಕಟ್ಟುವ ದೃಶ್ಯವಿದೆ. ನನಗೂ ಅದು ಬೇಕಿತ್ತು. ಹುಡುಗರನ್ನು ಒಬ್ಬರ ಮೇಲೊಬ್ಬರಂತೆ ಮಲಗಿಸಿದೆ. ದಿಬ್ಬದ ಮಣ್ಣು ಟಾಲ್ಕಂ ಪೌಡರಿನಷ್ಟು ನಯ. ಗಾಳಿ ಎದ್ದರೆ ಕಣ್ಣು, ಮೂಗು, ಕ್ಯಾಮೆರಾ ಯಾವುದನ್ನೂ ಬಿಡುವುದಿಲ್ಲ. ಆಷಾಢದ ಗಾಳಿಗೆ ಊರಿನ ಮನೆಗಳೊಳಗೆಲ್ಲ ಅದೇ ಪುಡಿ. ಗಣಿಯ ಕಲ್ಲುಪುಡಿ ಕುಡಿದು ಸಿಲಿಕೋಸಿಸ್‌ನಿಂದ ಶ್ವಾಸಕೋಶ ಕಳೆದುಕೊಂಡವರು ತುಂಬಿದ ಊರಿನಲ್ಲಿ, ಅವರ ಮಕ್ಕಳನ್ನೇ ಬರಿಮೈಯಲ್ಲಿ ಆ ಪುಡಿಯ ಮೇಲೆ ಮಧ್ಯಾಹ್ನದವರೆಗೆ ಹೆಣವಾಗಿಸಿದ್ದೆ. ಯಾರಾದರೂ ಕೆಮ್ಮಿದರೆ, “ಹೆಣ ಕೆಮ್ಮಲ್ಲ ಕಣೋ!” ಎಂದು ಕಿರುಚುತ್ತಿದ್ದೆ.

ಒಂದು ದಿನ ಹುಡುಗನೊಬ್ಬನ ಅಪ್ಪ ಊಟದ ಡಬ್ಬಿ ತಂದರು. ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ನಿವೃತ್ತರಾದವರು. 3 ಕಿಲೋಮೀಟರಿಗೂ ಆಳ ಇಳಿದಿದ್ದ ಗಣಿ ಅದು. ತಳದಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ತಾನೇ ಸಿಡಿಯುವುದಕ್ಕೆ ಅಲ್ಲಿಯವರು ‘ಏರ್‌ಬ್ಲಾಸ್ಟ್’ ಎನ್ನುತ್ತಾರೆ. ಅಂಥದ್ದರಲ್ಲಿ ಬದುಕಿ ಬಂದವರು ಅವರು. ಡಬ್ಬಿ ಇಟ್ಟು ನನ್ನ ಸ್ಪಾರ್ಟಾದವರನ್ನು ಸ್ವಲ್ಪ ಹೊತ್ತು ನೋಡಿದರು.

“ಇವ್ರು ಯಾಕೆ ಇಷ್ಟು ದೂರ ದೂರ ನಿಂತವ್ರೆ ತಂಬಿ?”

“ಫೈಟ್ ಮಾಡೋಕೆ ಜಾಗ ಬೇಕಲ್ವಾ ಯಜಮಾನ್ರೇ.”

“ಇಷ್ಟು ದೂರ ನಿಂತ್ರೆ, ಮೇಲಿಂದ ಬಿದ್ರೆ, ಯಾರು ಯಾರನ್ನ ಎಳ್ಕೊಳ್ಳೋದು?”

ನಾನು ತಲೆಯಾಡಿಸಿ ಮುಂದಿನ ಶಾಟಿಗೆ ಹೊರಟೆ. ಗ್ರೀಕ್ ಪಡೆಯ ಬಗ್ಗೆ ಪುಸ್ತಕಗಳು ಹೇಳುವುದೂ ಅವರು ಹೇಳಿದ್ದನ್ನೇ. ಎಡಗೈಯ ಗುರಾಣಿಯ ಅರ್ಧ ತನ್ನನ್ನು, ಇನ್ನರ್ಧ ಎಡಗಡೆಯವನನ್ನು ಕಾಯುತ್ತದೆ. ಒಬ್ಬ ಕದಲಿದರೆ ಸಾಲೇ ಬೀಳುತ್ತದೆ. ‘300’ರಲ್ಲಿ ಲಿಯೊನಿಡಾಸನೇ ಇದನ್ನು ಪಡೆ ಸೇರಲು ಬಂದ ಎಫಿಯಾಲ್ಟಿಸನಿಗೆ ವಿವರಿಸುತ್ತಾನೆ. ಸ್ವಲ್ಪ ಹೊತ್ತಿಗೆ ಚಿತ್ರವೇ ಅದನ್ನು ಮರೆತು, ವೀರರನ್ನು ಸಾಲಿನಿಂದ ಆಚೆ ಬಿಟ್ಟು ಒಬ್ಬೊಬ್ಬರಾಗಿ ಕುಣಿಸುತ್ತದೆ. ನಾನು ಕಲಿತದ್ದು ಆ ಕುಣಿತವನ್ನು ಮಾತ್ರ.

ಚಿತ್ರೀಕರಣ ಮುಗಿದು ಎಡಿಟಿಂಗ್‌ಗೆ ಕೂತೆ. ಸ್ಲೋ ಮೋಷನ್ ಮೊದಲು ಕೈಕೊಟ್ಟಿತು. ಟೇಪಿನ ಕ್ಯಾಮೆರಾದ ಸೆಕೆಂಡಿಗೆ 25 ಫ್ರೇಮನ್ನು ಎಳೆದರೆ ಏನಾಗುತ್ತದೆ? ಕತ್ತಿ ಬೀಸಿದವನಿಗೆ ನಾಲ್ಕು ಕೈ ಬಂದವು. ಸರಿ, ಬಣ್ಣದಲ್ಲಾದರೂ ಗೆಲ್ಲೋಣ ಎಂದು ನೆರಳನ್ನು ಕಪ್ಪಿಗೆ ಇಳಿಸಿದೆ. ಇನ್ನಷ್ಟು ಇಳಿಸಿದೆ. ಕೆಂಪು ಬಟ್ಟೆ ಉರಿಯತೊಡಗಿತು. ನಾಯಕನ ಭುಜ ಕಂಚಿನಂತೆ ಮಿಂಚಿತು. ಆಕಾಶ ಕುದಿಯಿತು. ಅವತ್ತು ರಾತ್ರಿ ಒಬ್ಬನೇ ಕೂತು ಚಪ್ಪಾಳೆ ಹೊಡೆದುಕೊಂಡಿದ್ದು ಸುಳ್ಳಲ್ಲ.

ಆಂಡರ್ಸನ್‌ಪೇಟೆಯ ಒಂದು ಸಮುದಾಯ ಭವನದಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಹುಡುಗರ ಮನೆಯವರೆಲ್ಲ ಬಂದಿದ್ದರು. ಅಜ್ಜಿಯರು ಮುಂದಿನ ಸಾಲಿನಲ್ಲಿ, ಎಳೆ ಮಕ್ಕಳು ತೊಡೆಯ ಮೇಲೆ. ಮೊದಲ ಎರಡು ನಿಮಿಷ ಸಿಳ್ಳೆ. ಆಮೇಲೆ ಗುಸುಗುಸು. “ನಮ್ಮೋನು ಯಾರು? ಎಡಗಡೆಯೋನಾ? ಅಲ್ಲಿ ಬಿದ್ದಿರೋನಾ?” ಮುಖವಾಡ ಇಲ್ಲದ ದೃಶ್ಯಗಳೂ ಇದ್ದವು. ಆದರೆ ಕಪ್ಪು ಮೈಯ ಹುಡುಗರು, ತಲೆಯ ಮೇಲಿನ ಬಿಸಿಲು, ಹಣೆಯ ಕೆಳಗೆಲ್ಲ ನೆರಳು. ಅದರ ಮೇಲೆ ನಾನು ಮಾಡಿದ ಬಣ್ಣ. ಕಣ್ಣು, ಮೂಗು, ಬಾಯಿ ಎಲ್ಲ ಒಂದೇ ಕಪ್ಪಿನಲ್ಲಿ ಮುಳುಗಿಹೋಗಿದ್ದವು. ಪರದೆಯ ಮೇಲೆ ಮುಖ ಇದ್ದದ್ದು ನಾಯಕನಿಗೂ ಅವನ ಅಕ್ಕಪಕ್ಕದ ಕೆಲವರಿಗೂ ಮಾತ್ರ. ಒಬ್ಬ ತಾಯಿ ಕೊನೆಯವರೆಗೂ ಸೀಟಿನ ತುದಿಯಲ್ಲಿ ಕೂತು ಹುಡುಕಿದರು. ಕೊನೆಯ ಟೈಟಲ್ ಕಾರ್ಡಿನಲ್ಲಿ ನಾಯಕನ ಹೆಸರು, ನನ್ನ ಹೆಸರು, ಸಂಗೀತದವನ ಹೆಸರು ಬಂದವು. ಉಳಿದವರಿಗೆ “ಮತ್ತು ಕೆಜಿಎಫ್ ಗೆಳೆಯರು” ಎಂದು ಒಂದೇ ಸಾಲು ಹಾಕಿದ್ದೆ.

ಜನ ಬೈಯಲಿಲ್ಲ. ಎದ್ದು ಹೋದರು. ಹೊರಗೆ ಕುರ್ಚಿ ಎತ್ತಿಡುತ್ತಿದ್ದಾಗ ಹುಡುಗನೊಬ್ಬ ಹೇಳಿದ: “ನೀನು ನಮ್ಮನ್ನ ಸಾಯ್ಸಿದ್ದು ಪರ್ವಾಗಿಲ್ಲಣ್ಣ, ಕಥೇನೇ ಹಂಗಿದೆ. ಸತ್ತಿದ್ದು ನಾವು ಅಂತಾದ್ರೂ ಗೊತ್ತಾಗ್ಬೇಕಿತ್ತು.”

ಬೆಂಗಳೂರಿನಲ್ಲಿ ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಭಾವನ ಸಾಲ ತೀರಿಸಲು ಮದುವೆಗಳ ಮೇಲೆ ಮದುವೆ ಮಾಡಿದೆ. ಕ್ಯಾಮೆರಾ ಸರಿಯಿಲ್ಲ, ಲೈಟಿಗೆ ದುಡ್ಡಿರಲಿಲ್ಲ, ಸಣ್ಣ ಊರಿನವರಿಗೆ ಸ್ಟೈಲ್ ಅರ್ಥವಾಗುವುದಿಲ್ಲ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ‘300’ರ ಮೇಲೂ ಇಂಥ ಆಕ್ಷೇಪ ಬಂದಿತ್ತು. ಪರ್ಷಿಯನ್ನರನ್ನು ರಾಕ್ಷಸರಂತೆ, ವಿಕಾರವಾಗಿ ತೋರಿಸಿದ್ದಾರೆಂದು 2007ರಲ್ಲಿ ಇರಾನ್ ಸರ್ಕಾರವೇ ಪ್ರತಿಭಟಿಸಿತ್ತು. ಕಥೆ ಹೇಳುತ್ತಿರುವವನು ಡಿಲಿಯೋಸ್ ಎಂಬ ಸೈನಿಕ, ಮುಂದಿನ ಯುದ್ಧಕ್ಕೆ ಪಡೆಯನ್ನು ಹುರಿದುಂಬಿಸಲು ಉಬ್ಬಿಸಿ ಹೇಳುತ್ತಿದ್ದಾನೆ ಎಂಬುದು ಚಿತ್ರದ ಕಡೆಯವರ ಸಮಜಾಯಿಷಿ. ಅದನ್ನೇ ನಾನೂ ಒಂದಿಬ್ಬರ ಮುಂದೆ ಒಪ್ಪಿಸಿದೆ. ನನ್ನ ಸಿನಿಮಾದಲ್ಲಿ ಡಿಲಿಯೋಸನೇ ಇರಲಿಲ್ಲ ಎಂಬುದು ಬೇರೆ ಮಾತು.

ಇದೇ ಯುದ್ಧವನ್ನು ಹೆರೊಡೊಟಸ್ ಹೇಗೆ ಹೇಳಿದ್ದಾನೆ ಎಂದು ಆಮೇಲೆ ಓದಿದೆ. ಸಿನಿಮಾ ಬಿಟ್ಟದ್ದು ಅಲ್ಲಿ ಎಷ್ಟೊಂದಿದೆ. ಕೊನೆಯ ದಿನ ಸ್ಪಾರ್ಟಾದವರ ಜೊತೆ ಥೆಸ್ಪಿಯೆ ಎಂಬ ಊರಿನ ಏಳುನೂರು ಜನ ತಾವಾಗಿಯೇ ನಿಂತು ಸತ್ತರು. ಸ್ಪಾರ್ಟಾದವರ ಸೇವೆಗೆ ಹೆಲಟ್‌ಗಳೆಂಬ ಜೀತದವರೂ ಬಂದಿದ್ದರು. ಆ ಮುನ್ನೂರು ಜನರ ಹೆಸರನ್ನೂ ತಾನು ಕೇಳಿ ತಿಳಿದುಕೊಂಡಿದ್ದೇನೆ ಎನ್ನುತ್ತಾನೆ ಹೆರೊಡೊಟಸ್. ಎದುರು ಪಕ್ಷದಲ್ಲಿ ಸತ್ತ ಝರ್ಕ್ಸೀಸನ ಇಬ್ಬರು ತಮ್ಮಂದಿರ ಹೆಸರನ್ನೂ ಬರೆಯುತ್ತಾನೆ. ಅವನಿಗೂ ಒಂದು ಮಿತಿ ಇತ್ತು. ಕಣ್ಣುಬೇನೆಯಿಂದ ನೋಡಲಾಗದ ಯೂರಿಟಸ್ ಎಂಬ ಸ್ಪಾರ್ಟಾದವನನ್ನು ಒಬ್ಬ ಹೆಲಟ್ ಕೈಹಿಡಿದು ಯುದ್ಧದವರೆಗೆ ಕರೆದೊಯ್ಯುತ್ತಾನೆ. ಒಡೆಯನ ಹೆಸರಿದೆ, ದಾರಿ ತೋರಿಸಿದವನದು ಇಲ್ಲ.

ಅದನ್ನು ಓದಿದಾಗ ನಮ್ಮೂರಿನ ನಕ್ಷೆ ಕಣ್ಣಿಗೆ ಕಟ್ಟಿತು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಗಿಫರ್ಡ್ ಶಾಫ್ಟ್. ನಮ್ಮ ಬಂಗಾರಪೇಟೆಯೇ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿತ್ತು. 1880ರ ಹೊತ್ತಿಗೆ ಬಂದ ಜಾನ್ ಟೇಲರ್ ಕಂಪನಿಯ ಕಥೆ ಎಲ್ಲ ಪುಸ್ತಕದಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ತಂದ ಕಥೆಯೂ ಇದೆ. ಕೆಳಗಿಳಿದವರು ಒಟ್ಟು ಸಂಖ್ಯೆಯಾಗಿ ಮಾತ್ರ ಉಳಿದಿದ್ದಾರೆ. 1930ರಲ್ಲಿ ಬೆರಳಚ್ಚು ಹಾಕಿಸಿ ನೋಂದಾಯಿಸುವ ಪದ್ಧತಿ ಬಂದಾಗ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಆ ಜನದ ಮೊಮ್ಮಕ್ಕಳಿಗೆ ರೆಕ್ಸಿನ್ ಮುಖವಾಡ ಹೊಲಿಸಿದವನು ಬ್ರಿಟಿಷರವನಲ್ಲ, ಪಕ್ಕದ ಬಂಗಾರಪೇಟೆಯ ನಾನು.

ಎಷ್ಟೋ ಕಾಲದ ಮೇಲೆ ಹಳೆಯ ಟೇಪುಗಳನ್ನು ಮತ್ತೆ ಕಂಪ್ಯೂಟರಿಗೆ ಇಳಿಸಿದೆ. ಬಣ್ಣ ಮಾಡದ ಮೂಲ ಚಿತ್ರ. ಎಲ್ಲರ ಮುಖವೂ ಇತ್ತು. ಗೋಡೆಯಾಗಿ ಮಲಗಿದವರಲ್ಲಿ ಒಬ್ಬ ನಗು ತಡೆಯಲಾಗದೆ ತುಟಿ ಕಚ್ಚಿದ್ದು, ಇನ್ನೊಬ್ಬ ಪಕ್ಕದವನ ಕಣ್ಣಿಗೆ ಬಿದ್ದ ಮಣ್ಣನ್ನು ಊದುತ್ತಿದ್ದದ್ದು, ಎಲ್ಲ. ಬಡಪಾಯಿ ಕ್ಯಾಮೆರಾ ತನ್ನ ಕೆಲಸ ಮಾಡಿತ್ತು. ಇನ್ನೊಂದೂ ಕಾಣಿಸಿತು. ಒಂದು ಶಾಟಿನ ಮೂಲೆಯಲ್ಲಿ, ಪರ್ಷಿಯನ್ ವೇಷದ ಹುಡುಗನೊಬ್ಬ ಮುಖವಾಡವನ್ನು ಹಣೆಗೆ ಏರಿಸಿಕೊಂಡು ಬಿಳಿ ಥರ್ಮಕೋಲ್ ಹಾಳೆ ಹಿಡಿದು ನಿಂತಿದ್ದಾನೆ. ಬಿಸಿಲನ್ನು ನಾಯಕನ ಮುಖಕ್ಕೆ ತಿರುಗಿಸಲು ನಾನೇ ಹಿಡಿಸಿದ್ದು. ನಮ್ಮ ಹತ್ತಿರ ಇದ್ದದ್ದು ಅದೊಂದೇ ಹಾಳೆ. ಅಷ್ಟೂ ಭಾನುವಾರ ಅದು ಒಬ್ಬನ ಮುಖ ಬಿಟ್ಟು ಇನ್ನೊಬ್ಬನ ಕಡೆ ತಿರುಗಿರಲಿಲ್ಲ.

ಆ ಮೂಲ ಚಿತ್ರವನ್ನು ಬಣ್ಣ ಹಚ್ಚದೆ ಕತ್ತರಿಸಿ, ಕೊನೆಗೆ ಎಲ್ಲರ ಹೆಸರು ಹಾಕಿ, ಡಿವಿಡಿ ಮಾಡಿ ಮನೆಮನೆಗೆ ಕೊಟ್ಟು ಬಂದೆ. ಕೆಲವರು ತಗೊಂಡರು. ಕೆಲವರು “ಈಗ್ಯಾಕಣ್ಣ ಬಿಡು” ಎಂದರು. ಡಬ್ಬಿ ತಂದಿದ್ದ ಆ ಯಜಮಾನರು ಅಷ್ಟರಲ್ಲಿ ತೀರಿಕೊಂಡಿದ್ದರು. ಹೆಸರು ಕೇಳಿ ಬರೆದುಕೊಳ್ಳುವಾಗ ಒಬ್ಬನ ಹೆಸರು ನೆನಪಾಗದೆ ಬೇರೆಯವರನ್ನು ಕೇಳಬೇಕಾಯಿತು. ನನ್ನ ಸಿನಿಮಾದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಸತ್ತವನು ಅವನೇ.

‘ಕೆಜಿಎಫ್’ ನೋಡುವಾಗ ನನ್ನ ಕಣ್ಣು ಯಶ್ ಅವರ ಹಿಂದೆ ನಿಂತವರ ಮೇಲೇ ಇತ್ತು. ಛಾಯಾಗ್ರಾಹಕ ಭುವನ್ ಗೌಡ ಕಟ್ಟಿದ ಕತ್ತಲು ನನ್ನದಕ್ಕಿಂತ ಗಾಢ. ಆದರೂ ಮಸಿ ಮೆತ್ತಿದ ಮುಖದಲ್ಲಿ ಕಣ್ಣು ಉಳಿದಿವೆ. ಗುಂಪಿನ ಸಂಕಟ ಕಾಣದಿದ್ದರೆ ನಾಯಕನ ಸಿಟ್ಟು ಹುಸಿ ಎಂಬ ಎಚ್ಚರ ಆ ಬೆಳಕಿನಲ್ಲಿದೆ. ಅಲ್ಲಿನ ನರಾಚಿ ಗಣಿಯ ಜೀತದ ಲೋಕ ಕಲ್ಪನೆ. ನಮ್ಮ ಗಣಿಯವರು ಸಂಬಳಕ್ಕೆ ದುಡಿದ, ಸಂಘ ಕಟ್ಟಿದ, ಮುಷ್ಕರ ಹೂಡಿದ ಜನ. ಆ ತಕರಾರು ನನಗೆ ಈಗಲೂ ಇದೆ. 2024ರಲ್ಲಿ ಬಂದ ಪಾ. ರಂಜಿತ್ ಅವರ ‘ತಂಗಲಾನ್’ ಇದೇ ನೆಲದ ಕಥೆಯನ್ನು ಅಗೆದವರ ಕಡೆಯಿಂದ ಹೇಳಿತು. ಅದೂ ವಾಸ್ತವದ ಚಿತ್ರವಲ್ಲ, ಮೈತುಂಬ ಬಣ್ಣ, ಮಾಯೆ, ಅಬ್ಬರ. ಹಾಗಾಗಿ ಉತ್ಪ್ರೇಕ್ಷೆಯನ್ನು ದೂರುವಷ್ಟು ದಡ್ಡ ನಾನಲ್ಲ. ಸ್ಲೋ ಮೋಷನ್ ಇರಲಿ, ತಾಮ್ರದ ಆಕಾಶ ಇರಲಿ. ಯಾರ ಮುಖ ಕತ್ತಲಲ್ಲಿ ಹೋದರೂ ನಡೆಯುತ್ತದೆ ಎಂದು ಶಾಟಿಗೆ ಮೊದಲೇ ಮನಸ್ಸಿನಲ್ಲಿ ತೀರ್ಮಾನ ಆಗಿರುತ್ತದಲ್ಲ, ಬಣ್ಣ ಆಮೇಲೆ ಆ ತೀರ್ಮಾನವನ್ನು ಪರದೆಯ ಮೇಲೆ ಬರೆಯುತ್ತದೆ ಅಷ್ಟೆ. ನನ್ನ ತೀರ್ಮಾನ ಪಾತ್ರ ಹಂಚಿದ ದಿನವೇ ಆಗಿಹೋಗಿತ್ತು.

ಆದ್ದರಿಂದ ಸ್ಟುಡಿಯೊಗೆ ಬರುವ ಹುಡುಗರಿಗೆ ಈಗ ಹೇಳುವುದು ಇಷ್ಟೇ. ದಿಬ್ಬದ ಮೇಲೆ ಯಾರನ್ನೂ ಬರಿಮೈಯಲ್ಲಿ ಮಲಗಿಸಬೇಡಿ. ಮೂಗಿಗೆ ಬಟ್ಟೆ ಕಟ್ಟಿಸಿ, ಗಾಳಿ ಎದ್ದರೆ ಇಳಿದುಬನ್ನಿ. ಟೈಟಲ್ ಕಾರ್ಡನ್ನು ಕೊನೆಗೆ ಬಿಡದೆ ಮೊದಲೇ ಬರೆದಿಡಿ, ಹೆಸರಿನ ಕಾಗುಣಿತ ಅವರನ್ನೇ ಕೇಳಿ. ಬಣ್ಣ ಮಾಡಿದ ಮೇಲೆ ಸಾಯುವ ಪಾತ್ರದವನ ಅಮ್ಮನನ್ನು ಕೂರಿಸಿ ಒಂದು ಸಲ ತೋರಿಸಿ. ಮಗನನ್ನು ಗುರುತಿಸಲಾಗದಿದ್ದರೆ ಆ ಕಪ್ಪು ಜಾಸ್ತಿಯಾಗಿದೆ ಎಂದು ಅರ್ಥ. “ಹಂಗೆ ಮಾಡಿದ್ರೆ ಲುಕ್ ಬರಲ್ಲ ಅಣ್ಣಾ” ಎನ್ನುತ್ತಾರೆ. ಬರುತ್ತದೆ. ಥರ್ಮಕೋಲ್ ಎರಡು ಹಾಳೆ ಜಾಸ್ತಿ ತಗೊಂಡು ಹೋಗಿ, ಸರದಿಯ ಮೇಲೆ ಹಿಡಿಯಿರಿ. ಹೀರೊ ಕೂಡ ಹಿಡಿಯಲಿ.